ಒಣಾ ಖರೆ, ಆರಿರಲಿಲ್ಲ

ಅಣ್ಣಿಗೇರಿಯ ಬಾಷಾಸಾಬನ ಮಗಳು ಮುಸರತ್ ಹದಿನಾಲ್ಕು ಸಾಲಿನ ಒಂದು ಪ್ರೋಗ್ರಾಮು ಬರೆದಳು. ಬರೆಯಲು ಅವಳಿಗೆ ಇಪ್ಪತ್ತು ದಿನ ಹಿಡಿಯಿತು. ಅದೇ ವಿಷಯದ ಮೇಲೆ ನಲವತ್ತು ಪುಟದ ವರದಿ ಬರೆದ ಪ್ರತಾಪ ಸಾಹೇಬನಿಗೆ ಎರಡೇ ದಿನ ಸಾಕಾಗಿತ್ತು. ದೊಡ್ಡ ಓದು ಓದಿದವರ ಕೆಲಸ ಯಾವಾಗಲೂ ಬೇಗ ಮುಗಿಯುತ್ತದೆ. ಅವರು ಯಾವುದನ್ನೂ ಕೈಯಿಂದ ಮುಟ್ಟಿ ನೋಡುವುದಿಲ್ಲವಲ್ಲ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಎಣ್ಣೆ ಎಂಜಿನ್ನಿನ ವಿದ್ಯೆಯನ್ನು ಎಂಜಿನ್ನಿನಿಂದಲೇ ಕಲಿತೆ. ಓದುವುದನ್ನು ಬಿಡಿಭಾಗ ಸುತ್ತಿ ಬಂದ ಕಾಗದಗಳಿಂದ ಕಲಿತೆ. ಪದವಿ ಹೊತ್ತವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಮುಸರತ್ ಕೂಡ ಪದವಿ ಹೊತ್ತವಳೇ. ಆದರೂ ಅವಳ ಬಗ್ಗೆ ಬರೆಯಲು ಕೂತಿದ್ದೇನೆ. ಒಂದು ಕೋಣೆಯಲ್ಲಿ ಓದಿದವರು ಒಂಬತ್ತು ಮಂದಿ ಕೂತಿದ್ದಾಗ ತನ್ನ ತಪ್ಪನ್ನು ತನ್ನದು ಎಂದವಳು ಅವಳೊಬ್ಬಳೇ.

ಅವಳ ಮನೆ ನಮ್ಮ ಗೋಡೆಗೆ ಅಂಟಿಕೊಂಡಿದೆ. ಮುಂದೆ ಅಂಗಡಿ, ಹಿಂದೆ ಭಟ್ಟಿ. ಬಾಷಾಸಾಬ ಬ್ರೆಡ್ಡು, ಟೋಸ್ಟು, ಖಾರಿ, ನಾನಖಟಾಯಿ ಬೇಯಿಸುತ್ತಾನೆ. ಭಟ್ಟಿಯ ಬಿಸಿ ನೋಡಲು ಅವನ ಹತ್ತಿರ ಯಾವ ಮೀಟರೂ ಇಲ್ಲ. ಒಳಗಿನ ಕಲ್ಲಿನ ಮೇಲೆ ಒಂದು ಚಿಟಿಕೆ ಹಿಟ್ಟು ಎಸೆದು, ಅದು ಕೆಂಪಾಗುವಷ್ಟರಲ್ಲಿ ಎಷ್ಟು ಎಣಿಕೆಯಾಗುತ್ತದೆ ಎಂದು ನೋಡುತ್ತಾನೆ. ಎಂಟು ವರ್ಷದವಳಿದ್ದಾಗಿನಿಂದ ಆ ಎಣಿಕೆ ಮುಸರತ್‌ಳದ್ದು. "ಅಬ್ಬಾ, ಹನ್ನೆರಡಕ್ಕ ಕೆಂಪಾತು, ಖಾರಿ ಈಗ ಇಡಬ್ಯಾಡ್ರಿ" ಎಂದು ಅವಳು ಕೂಗುವುದು ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು. ಅವಳ ಎಣಿಕೆ ತಪ್ಪಿ ಒಂದು ತಟ್ಟೆ ಖಾರಿಯೂ ಕರಕಾದದ್ದು ನನಗೆ ನೆನಪಿಲ್ಲ.

ಇಂಥ ಹುಡುಗಿಯನ್ನು ಹುಬ್ಬಳ್ಳಿಯ ಕಾಲೇಜೊಂದಕ್ಕೆ ಕಳಿಸಿ ರಸಾಯನಶಾಸ್ತ್ರ ಓದಿಸಿದರು. ಅಲ್ಲಿ ಉಷ್ಣದ ಶಾಸ್ತ್ರವನ್ನೂ ಕಲಿಸಿದರು. ಕಲಿಸಿದರು ಅಂದರೆ, ಸರ್ ಓದಿದರು, ಇವರು ಬರೆದುಕೊಂಡರು. ಪರೀಕ್ಷೆಯಲ್ಲಿ ಇವರು ಬರೆದರು, ಸರ್ ಓದಿಕೊಂಡರು. ಮೂರು ವರ್ಷದಲ್ಲಿ ಬೆಂಕಿ ಎಂಬ ಶಬ್ದ ಒಮ್ಮೆಯೂ ಬರಲಿಲ್ಲವಂತೆ. ಅವಳು ಪಾಸಾಗಿ ಬಂದ ದಿನ ನಾನು ಕೆಣಕಿದೆ.

"ಉಷ್ಣದ ಶಾಸ್ತ್ರ ಕಲ್ತು ಬಂದೀದಿ. ನಿಮ್ಮಪ್ಪನ ಭಟ್ಟಿ ಎಷ್ಟು ಡಿಗ್ರಿ ಐತಿ ಹೇಳಬೇ."

"ಅದು ಸಿಲಬಸ್‌ದಾಗ ಇರಲಿಲ್ರಿ ಅಜ್ಜಾ" ಎಂದಳು.

ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಆ ದರ್ಜೆಯ ಬೆಲೆ ಅಷ್ಟು.

ಆಮೇಲೆ ಅವಳು ನಮ್ಮೂರಿನ ರೈತರ ಕಂಪನಿಯಲ್ಲಿ ಕಂಪ್ಯೂಟರ್ ಆಪರೇಟರ್ ಆದಳು. ರೈತರ ಕಂಪನಿ ಅಂದರೆ, ಹೊಲಕ್ಕೆ ಹೋಗುವುದನ್ನು ಬಿಟ್ಟ ಏಳು ಮಂದಿ ಇಸ್ತ್ರಿ ಅಂಗಿಯವರು ಫ್ಯಾನಿನ ಕೆಳಗೆ ಕೂತು ರೈತರ ಬಗ್ಗೆ ಮಾತಾಡುವ ಜಾಗ. ಅಧ್ಯಕ್ಷ ಸುಭಾಸ. ಅವನು ಮುಸರತ್‌ಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏ ಬಾಯಿ" ಎನ್ನುತ್ತಾನೆ, ಅಂದರೆ ಏ ಹೆಂಗಸೇ. ಸಭೆಯ ಠರಾವು ಬರೆಯುವುದು, ಕಾಗದ ಟೈಪು ಮಾಡುವುದು, ಸಾಹೇಬರು ಬಂದರೆ ಚಹಾ ತರಿಸುವುದು, ಎಲ್ಲವೂ ಬಾಯಿಯ ಕೆಲಸ.

ಕಂಪನಿಗೆ ಒಂದು ಕಡಲೆಬೇಳೆಯ ಮಿಲ್ಲು ಇದೆ. ಅದನ್ನು ಓಡಿಸಲು ಗ್ಯಾಸಿಫೈಯರ್ ಎಂಬ ಯಂತ್ರ ತಂದರು. ನಮ್ಮ ಜನ ಅದಕ್ಕೆ 'ಹೊಗಿ ಎಂಜಿನ್ನು' ಎಂದು ಹೆಸರಿಟ್ಟರು, ಅದೇ ಸರಿಯಾದ ಹೆಸರು. ಹತ್ತಿಯ ಕಟ್ಟಿಗೆಯನ್ನು ತುಂಡು ಮಾಡಿ ಎತ್ತರದ ಕಬ್ಬಿಣದ ಪೀಪಾಯಿಗೆ ತುಂಬಬೇಕು. ಬೇಕಾದುದಕ್ಕಿಂತ ಕಡಿಮೆ ಗಾಳಿ ಕೊಟ್ಟು ಅರೆಬರೆ ಸುಟ್ಟರೆ ಉರಿಯುವ ಗ್ಯಾಸು ಹುಟ್ಟುತ್ತದೆ. ಅದನ್ನು ತೊಳೆದು ಎಂಜಿನ್ನಿಗೆ ಕುಡಿಸಬೇಕು. ಕಟ್ಟಿಗೆಯೊಳಗೆ ನೀರಿದ್ದರೆ ಬೆಂಕಿಯ ಬಿಸಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಆಗ ಗ್ಯಾಸು ಸಪ್ಪಗಾಗುತ್ತದೆ, ಡಾಂಬರಿನಂಥ ಜಿಗಿ ಎಂಜಿನ್ನಿನ ವಾಲ್ವುಗಳಿಗೆ ಮೆತ್ತಿಕೊಳ್ಳುತ್ತದೆ.

ಹೊಗಿ ಎಂಜಿನ್ನು ನೋಡಿಕೊಳ್ಳಲು ತಿರ್ಲಾಪುರದ ಬಸಣ್ಣನನ್ನು ಇಟ್ಟಿದ್ದರು. ಮೂವತ್ತು ವರ್ಷ ಊರೂರಿನ ಪಂಪಿನ ಎಂಜಿನ್ನು ಬಿಚ್ಚಿದ ಕೈ ಅದು. ಮಾತು ಕಡಿಮೆ. ಗೇಟಿಗೆ ಬಂದ ಪ್ರತಿ ಬಂಡಿಯನ್ನೂ ಇಳಿಸಿಕೊಂಡು, ಯಾವ ಊರಿನದು, ಯಾರ ಹೊಲದ್ದು, ಎಷ್ಟು ತೂಕ ಎಂದು ಮೊಂಡು ಪೆನ್ಸಿಲಿನಿಂದ ಚೋಪಡಿಯಲ್ಲಿ ಬರೆಯುತ್ತಿದ್ದ. ಪ್ರತಿ ಸಾಲಿನ ಕೊನೆಗೆ 'ಒಣಾ' ಎಂದು ಬರೆಯುತ್ತಿದ್ದ.

ಮಾರ್ಚ್ ಕೊನೆಗೆ ಎಂಜಿನ್ನು ನಿಂತಿತು. ವಾಲ್ವು ಹಿಡಿದು, ಪಿಸ್ಟನ್ನು ಹೊಡೆದು, ಒಳಗೆಲ್ಲ ಜಿಗಿ. ಕಡಲೆಯ ಸುಗ್ಗಿ ಜೋರಾಗಿದ್ದ ಹೊತ್ತಿನಲ್ಲಿ ಮಿಲ್ಲು ಬಂದಾಯಿತು. ಆಗ ಸುಭಾಸ ಪೇಟೆಯಿಂದ ಪ್ರತಾಪನನ್ನು ಕರೆಸಿದ. ಹೆಸರಿನ ಹಿಂದೆ ಡಾಕ್ಟರು, ಕಾಲಲ್ಲಿ ಕನ್ನಡಿಯಂಥ ಬೂಟು. ಎಂಜಿನ್ನಿನ ಶೆಡ್ಡಿನೊಳಗೆ ಮೂಗಿಗೆ ಕರವಸ್ತ್ರ ಹಿಡಿದು ನಾಲ್ಕು ನಿಮಿಷ ನಿಂತ. ಹೊರಗೆ ಬಂದು, ಬೂಟಿನ ಮಸಿ ಒರೆಸಿಕೊಂಡು, "ಇಂಧನದ ವಿವರ ಇಂಗ್ಲಿಷಿನಲ್ಲಿ ಕಳಿಸಿ" ಎಂದು ಕಾರು ಹತ್ತಿದ. ಮುಸರತ್ ಬಸಣ್ಣನ ಚೋಪಡಿಯನ್ನು ಎದುರಿಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ ಕಳಿಸಿದಳು. ಪಟ್ಟಿ ನೋಡಿ ಸಾಹೇಬ ತನ್ನ ದುಬಾರಿ ಸಾಫ್ಟ್‌ವೇರಿನಲ್ಲಿ ಅಂಕಿ ಹಾಕಿದ. ಎರಡು ದಿನದಲ್ಲಿ ನಲವತ್ತು ಪುಟ ಉದುರಿತು. ಬಣ್ಣಬಣ್ಣದ ಗೆರೆಗಳು. ಸಾರಾಂಶ ಒಂದೇ: ಕಟ್ಟಿಗೆ ಪೂರ್ತಿ ಒಣಗಿತ್ತು, ಯಂತ್ರ ಸರಿ ಇತ್ತು, ಆದ್ದರಿಂದ ತಪ್ಪು ಯಂತ್ರ ನಡೆಸಿದವನದು.

ಏಪ್ರಿಲ್‌ನಲ್ಲಿ ಸಭೆ ಕರೆದು ಬಸಣ್ಣನನ್ನು ನಿಲ್ಲಿಸಿದರು. ಅಂಥ ಸಭೆಗಳಿಗೆ ನಾನು ಹೋಗುವುದಿಲ್ಲ. ಅಲ್ಲಿ ಬುದ್ಧಿಗಿಂತ ಮೊದಲು ಉಪ್ಪಿಟ್ಟು ಬರುತ್ತದೆ. ನಡೆದದ್ದನ್ನು ಮುಸರತ್ ನನಗೆ ಹೇಳಿದಳು. ಠರಾವು ಬರೆಯುತ್ತ ಕೂತಿದ್ದವಳು ಅವಳೇ.

ಸುಭಾಸ ಕೇಳಿದ: "ಬಸಣ್ಣಾ, ಒಂದ ಮಾತಿನ್ಯಾಗ ಹೇಳು. ಕಟಗಿ ಒಣಾ ಇದ್ವೋ ಇಲ್ಲೋ?"

"ಒಣಾನ ಇದ್ವರಿ."

"ಹಂಗಾರ ಎಂಜಿನ್ ಯಾಕ ಕೆಟ್ತಪಾ?"

"ಒಣಾ ಖರೆರಿ. ಆದ್ರ ಆರಿರ್ಲಿಲ್ರಿ."

ಸಭೆ ನಕ್ಕಿತು. "ಸತ್ತಾನ ಖರೆ, ಇನ್ನೂ ಜೀವ ಹೋಗಿಲ್ಲ ಅಂದಂಗ ಆತಲ್ಲೋ ಇದು!" ಎಂದ ಒಬ್ಬ. "ಮುಂಜಾನೆನ ಹಾಕ್ಕೊಂಡ ಬಂದೀಯೇನಲೇ?" ಎಂದ ಇನ್ನೊಬ್ಬ. ಪ್ರತಾಪ ನಗದೆ, ನಕ್ಕಂತೆ ಕನ್ನಡಕ ಒರೆಸಿಕೊಂಡ. ಬಸಣ್ಣ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡಿದ. ಕೊನೆಗೆ ಮುಸರತ್‌ಳ ಮುಖ ನೋಡಿದ. ಅವಳೂ ನಗು ತಡೆಯಲು ಬಾಯಿಗೆ ಪೆನ್ನು ಕಚ್ಚಿದ್ದಳು.

ಕೈಗೆ ನೋಟೀಸು ಕೊಟ್ಟರು. ಬಸಣ್ಣ ಕೆಲಸಕ್ಕೆ ಬರಬಾರದು. ಎಂಜಿನ್ನು ಕೆಟ್ಟದ್ದು ಅವನ 'ನಿಷ್ಕಾಳಜಿ'ಯಿಂದ. ಮೇ ತಿಂಗಳ ಮೊದಲ ಸೋಮವಾರದ ಸಭೆಯೊಳಗೆ ಸಮಜಾಯಿಷಿ ಕೊಡದಿದ್ದರೆ ಅದೇ ಕಾಯಂ. ಮುಂದೆ ಯಾವ ಮಿಲ್ಲಿಗೆ ಹೋದರೂ ಈ ಶಬ್ದ ಅವನ ಮುಂದೆ ಮುಂದೆ ಹೋಗುತ್ತದೆ. ಮೂವತ್ತು ವರ್ಷದ ಕೈಯನ್ನು ಯಾರೂ ಎಂಜಿನ್ನಿನ ಹತ್ತಿರ ಬಿಡುವುದಿಲ್ಲ. ಸಮಜಾಯಿಷಿ ಕೊಡಲು ಅವನಿಗೆ ಗೊತ್ತಿದ್ದದ್ದು ಒಂದೇ ಮಾತು, ಅದಕ್ಕೆ ಎಲ್ಲರೂ ನಕ್ಕಿದ್ದರು. ನೋಟೀಸು ಟೈಪು ಮಾಡಿದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಅವತ್ತು ಸಂಜೆ ಅವಳು ಭಟ್ಟಿಯ ಮುಂದೆ ಸಪ್ಪಗೆ ಕೂತಿದ್ದಳು.

"ನಕ್ಕದ್ದು ತಪ್ಪಾತ್ರಿ ಅಜ್ಜಾ. ಆ ಕಾಕಾ ನನ್ನ ಕಡೆ ನೋಡಿದ."

"ನಕ್ಕದ್ದ ಒಂದ ತಪ್ಪಲ್ಲ. ನಲವತ್ತ ಪುಟಾ ನಂಬಿದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದೆ.

ಮಾರನೆಯ ದಿನದಿಂದ ಶುರುವಾಯಿತು ಅವಳ ಹುಚ್ಚು. ಅದೇ ಲೆಕ್ಕವನ್ನು ತಾನೇ ಮಾಡಿ, ಸಾಹೇಬ ಎಲ್ಲಿ ಎಡವಿದ್ದಾನೆಂದು ತೋರಿಸುತ್ತೇನೆ ಎಂದಳು. ಕಂಪನಿಯಿಂದ ಬಂದ ಮೇಲೆ ಸಂಜೆ, ರವಿವಾರ ಮಧ್ಯಾಹ್ನ, ಭಟ್ಟಿಯ ಬಾಜು ಹಿಟ್ಟಿನ ಚೀಲದ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ಕೀಲಿಗಳ ಸಂದಿಯಲ್ಲಿ ಮೈದಾ. ಇಂಥ ಲೆಕ್ಕಕ್ಕೆ ಪುಕ್ಕಟೆ ಸಿಗುವ ಲೈಬ್ರರಿಯೊಂದು ಇದೆಯಂತೆ. ಲೈಬ್ರರಿ ಎಂದಾಗ ನಾನು ಪುಸ್ತಕದ ಕಪಾಟು ಎಂದುಕೊಂಡೆ.

"ಹಂಗಲ್ರಿ. ಶಾಣ್ಯಾ ಮಂದಿ ಒಂದೊಂದು ಗ್ಯಾಸಿನ ಗುಣಾ ಎಲ್ಲಾ ಮೊದಲ ಬರದಿಟ್ಟಾರ. ಎಷ್ಟ ಬಿಸಿಗೆ ಎಷ್ಟು ಶಾಖಾ ಹಿಡೀತೈತಿ, ಯಾವುದ್ರ ಜೋಡಿ ಕೂಡತೈತಿ, ಯಾವಾಗ ಬಿಡತೈತಿ. ನಾವು ಹೆಸರ ಹಿಡದು ಕರದ್ರ ಸಾಕು, ಬರತಾವು."

"ಕರದ್ರ ಬರೂದಾದ್ರ ನೀ ಯಾಕ ತಲಿ ಕೆರಕೋಳಾಕತ್ತಿ?"

"ಹೆಂಗ ಕರೀಬೇಕನ್ನೋದ ಗೊತ್ತಿಲ್ರಿ."

ಮೂರು ವರ್ಷದ ಮೊದಲ ದರ್ಜೆ ಅಲ್ಲಿ ನೆಲಕ್ಕೆ ಬಿತ್ತು. ಮೊದಲ ವಾರ ಅವಳು ಆಮ್ಲಜನಕದ ಇಂಗ್ಲಿಷ್ ಅಕ್ಷರವನ್ನು ಸಣ್ಣದಾಗಿ ಬರೆದಳು. ಅಂಥ ವಸ್ತು ಈ ಲೋಕದಲ್ಲೇ ಇಲ್ಲ ಎಂದು ಕಂಪ್ಯೂಟರು ಹೇಳಿತು. ಎಲ್ಲರೂ ಉಸಿರಾಡುವ ವಸ್ತು ಇಲ್ಲವೆನ್ನುವ ಯಂತ್ರವನ್ನು ನಾನು ಅವತ್ತೇ ಬಾವಿಗೆ ಎಸೆಯುತ್ತಿದ್ದೆ. ಅವಳು ಎರಡು ದಿನ ಕೂತು ದೊಡ್ಡ ಅಕ್ಷರ ಬರೆಯುವುದನ್ನು ಕಂಡುಕೊಂಡಳು. ಆಮೇಲೆ ಗ್ಯಾಸಿನ ಬಿಸಿ ಎಂಟುನೂರು ಎಂದು ಕೊಟ್ಟಳು. ಉರಿಯುವ ಗ್ಯಾಸು ಚಮಚೆಯಷ್ಟು ಮಾತ್ರ ಬಂತು. "ಯಂತ್ರದ್ದ ತಪ್ಪು!" ಎಂದು ಕುಣಿಯುತ್ತ ನಮ್ಮ ಪಡಸಾಲೆಗೆ ಬಂದಳು, ಮರುದಿನ ತಲೆ ತಗ್ಗಿಸಿ ಬಂದಳು. ಲೈಬ್ರರಿಯವರು ಎಣಿಸುವ ಡಿಗ್ರಿ ನಮ್ಮ ಡಿಗ್ರಿಯಲ್ಲವಂತೆ. ನಮ್ಮದಕ್ಕೆ ಇನ್ನೂರ ಎಪ್ಪತ್ತಮೂರು ಕೂಡಿಸಬೇಕಂತೆ. ಅದು ಅವಳ ಸಿಲಬಸ್ಸಿನಲ್ಲಿತ್ತು. ಪರೀಕ್ಷೆಗೆಂದು ಕಲಿತದ್ದು ಪರೀಕ್ಷೆಯ ದಿನವೇ ಉದುರಿ ಹೋಗಿತ್ತು.

ಆದರೆ ಬಿಡಲಿಲ್ಲ. ಇದನ್ನು ನಾನು ಮೆಚ್ಚಿ ಬರೆಯುತ್ತಿಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ. ಕೊನೆಗೆ ಹದಿನಾಲ್ಕು ಸಾಲು ನಿಂತವು. ಮೊದಲ ಸಾಲು ಲೈಬ್ರರಿಯನ್ನು ಕರೆಯುವುದು. ಆಮೇಲೆ ಕಟ್ಟಿಗೆಯಲ್ಲಿ ಇಂಗಾಲ ಎಷ್ಟು, ಜಲಜನಕ ಎಷ್ಟು, ಆಮ್ಲಜನಕ ಎಷ್ಟು, ಸುಟ್ಟರೆ ಎಷ್ಟು ಶಾಖ. ಆಮೇಲೆ ಗಾಳಿ. ಕೊನೆಯಲ್ಲಿ ಒಂದೇ ಮಾತು: ಶಾಖ ಹೊರಗೆ ಹೋಗದಂತೆ ಮುಚ್ಚಿಟ್ಟರೆ ಇವೆಲ್ಲ ಕೂಡಿ, ಬಿಟ್ಟು, ಕಾದಾಡಿ ಎಲ್ಲಿ ಸುಮ್ಮನಾಗುತ್ತವೆ ಹೇಳು. ಕಟ್ಟಿಗೆಯಲ್ಲಿ ನೀರು ಎಷ್ಟು ಎಂದು ಬರೆಯುವ ಜಾಗದಲ್ಲಿ ಅವಳು ಸೊನ್ನೆ ಹಾಕಿದ್ದಳು, ಚೋಪಡಿಯಲ್ಲಿ ಪ್ರತಿ ಸಾಲಿಗೂ ಒಣಾ ಎಂದಿತ್ತಲ್ಲ.

ಉತ್ತರ ಬಂತು. ಬಿಸಿ ಎಂಟುನೂರ ಐವತ್ತು ಡಿಗ್ರಿ. ಉರಿಯುವ ಗ್ಯಾಸುಗಳಲ್ಲಿ ಮುಖ್ಯವಾದದ್ದು ನೂರಕ್ಕೆ ಇಪ್ಪತ್ತಾರು ಪಾಲು. ಅಂಥ ಗ್ಯಾಸು ಕುಡಿದ ಎಂಜಿನ್ನು ಗೂಳಿಯಂತೆ ಓಡಬೇಕು. ಪ್ರತಾಪನ ವರದಿಯಲ್ಲಿದ್ದದ್ದೂ ಅದೇ ಅಂಕಿ. ಬಸಣ್ಣನನ್ನು ಬಿಡಿಸಲು ಬರೆದ ಲೆಕ್ಕ ಬಸಣ್ಣನ ಮೇಲೆ ಎರಡನೆಯ ಸಾಕ್ಷಿಯಾಗಿ ನಿಂತಿತು.

"ನಿನ್ನ ಹದಿನಾಲ್ಕ ಸಾಲು ಆ ನಲವತ್ತ ಪುಟದ ತಂಗೀನ ಐತಿ" ಎಂದೆ. "ಇಬ್ಬರೂ ಕುರ್ಚಿ ಮ್ಯಾಲೆ ಕುಂತ ಹುಟ್ಟಿಸಿದ್ದು."

ಅವಳಿಗೆ ಚುರುಕ್ಕೆಂದಿರಬೇಕು. ಸಭೆಗೆ ಇನ್ನು ಎಂಟು ದಿನ ಇತ್ತು. ರವಿವಾರ ಬೆಳಿಗ್ಗೆಯ ಬಸ್ಸಿಗೆ ತಿರ್ಲಾಪುರಕ್ಕೆ ಹೋದಳು. ಲೆಕ್ಕ ನಿಮ್ಮ ಕಡೆ ಇಲ್ಲ ಎಂದು ಬಸಣ್ಣನ ಮುಖಕ್ಕೇ ಹೇಳಿ ಬರುತ್ತೇನೆ, ಬೆನ್ನ ಹಿಂದೆ ಹೇಳಿದ್ದು ಸಾಕು ಎಂದಳು. ಅಷ್ಟಾದರೂ ನೆಟ್ಟಗಿದ್ದಳು.

ಬಸಣ್ಣ ಕಟ್ಟೆಯ ಮೇಲೆ ಕೂತು ಯಾರದೋ ಪಂಪಿನ ನಾಝಲ್ ಉಜ್ಜುತ್ತಿದ್ದ. ಅವನ ಹೆಂಡತಿ ದುಂಡವ್ವ ಒಲೆಗೆಂದು ಹತ್ತಿಕಟ್ಟಿಗೆ ಮುರಿಯುತ್ತಿದ್ದಳು.

"ಕಾಕಾ, ನಾ ಎಲ್ಲಾ ಲೆಕ್ಕಾ ಮಾಡಿ ನೋಡಿದ್ನಿರಿ. ಒಣಾ ಕಟಗಿ ಇದ್ರ ಗ್ಯಾಸ್ ಚಲೋನ ಬರಬೇಕ್ರಿ."

"ಒಣಾನ ಅದಾವಲ್ಲವಾ. ಆರಿರ್ಲಿಲ್ಲ ಅಂತ ಅವತ್ತ ಹೇಳಿದ್ನೆಲ್ಲ."

"ಒಣಾ ಅಂದ್ರೂ ಆರಿದ್ದು ಅಂದ್ರೂ ಒಂದ ಅಲ್ಲೇನ್ರಿ?"

ದುಂಡವ್ವ ಮುರಿಯುವುದನ್ನು ನಿಲ್ಲಿಸಿದಳು.

"ಯವ್ವಾ, ನೀ ಯಾವೂರಾಕಿ? ನಿಮ್ಮ ಮನ್ಯಾಗ ಹೊಲಾ ಐತೇನ?"

"ಇಲ್ರಿ. ಭಟ್ಟಿ ಐತ್ರಿ."

"ಅದಕ್ಕ. ಒಣಾ ಅಂದ್ರ ಒಣಾ ಹೊಲದ್ದು. ಕಾಲುವಿ ನೀರು ಹತ್ತಲಾರದ್ದು, ಮ್ಯಾಲಿನ ಮಳಿಗಷ್ಟ ಬೆಳದದ್ದು. ನಮ್ಮೂರಿಂದೆಲ್ಲಾ ಒಣಾ. ಅಲ್ಲಿ ಕಾಲುವಿ ಬಾಜು ಇರೋರದು ನೀರಾವರಿ. ನೀರಾವರಿ ಕಟಗಿ ದಪ್ಪ, ನಿಮ್ಮ ಮಷೀನ್ ಬಾಯಾಗ ಹೋಗಂಗಿಲ್ಲ, ಅದನ್ನ ತರಬ್ಯಾಡ್ರಿ ಅಂತ ನಿಮ್ಮ ಕಂಪನಿಯಾವರ ಹೇಳಿದ್ರು. ಅದಕ ಇಂವಾ ಒಣಾ ಒಣಾ ಅಂತ ಬರಕೊಂಡಾನ."

"ಮತ್ತ ಆರಿದ್ದು?"

"ಆರೂದು ಬ್ಯಾರೆ. ಒಗದ ಅರಬಿ ಹಿಂಡಿ ಹಾಕಿದ್ರ ಆರತಾವಲ್ಲ, ಹಂಗ. ಒಣಾ ಹೊಲದ ಗಿಡದಾಗ ನೀರ ಇರಂಗಿಲ್ಲೇನ? ನಾವೂ ಒಣಾ ಹೊಲದಾರ. ನಮ್ಮ ಮೈಯಾಗ ರಗತ ಇಲ್ಲೇನ?"

ಮುಸರತ್‌ಳಿಗೆ ಆಗ ಹೊಳೆಯಿತು. ಸಾಹೇಬನಿಗೆ ಕಳಿಸಿದ ಪಟ್ಟಿಯಲ್ಲಿ, ಬಸಣ್ಣ ಒಣಾ ಎಂದು ಬರೆದ ನೂರಾ ಹನ್ನೆರಡು ಸಾಲಿಗೂ, 'ಡ್ರೈ' ಎಂದು ಅವಳೇ ಟೈಪು ಮಾಡಿದ್ದಳು. ಸಾಹೇಬ ಅದನ್ನು ನೋಡಿ ಸೊನ್ನೆ ಹಾಕಿದ್ದ. ತನ್ನ ಲೆಕ್ಕದಲ್ಲಿ ಅವಳೂ ಅದನ್ನೇ ಹಾಕಿದ್ದಳು.

"ಕಾಕಾ, ಆ ಇಂಗ್ಲಿಷ್ ಹಾಳಿ ಬರದಾಕಿ ನಾನರಿ. ಅದರಾಗ ನಾ ಆರಿದ್ದು ಅಂತ ಬರದೇನಿ."

ದುಂಡವ್ವ ಕೈಯಲ್ಲಿದ್ದ ಕಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು. "ಮೂರ ವಾರಾ ಆತು ಈ ಮನಶಾ ನೆಟ್ಟಗ ಉಂಡಿಲ್ಲ! ಹೊಲಾ ಕಾಣಲಾರದಾಕಿ ಕೈಯಾಗ ಹೊಲದ ಚೋಪಡಿ ಕೊಟ್ಟಾರಲ್ಲ, ಅವರ ಬುದ್ಧಿಗಿ ಏನ ಬಡದಿತ್ತ!"

ಬಸಣ್ಣ ನಾಝಲ್ ಕೆಳಗಿಟ್ಟ. ಬೈಯಲಿಲ್ಲ. "ನನ್ನ ಒಂದ ಮಾತ ಕೇಳಬೇಕಾಗಿತ್ತಲ್ಲವಾ" ಎಂದ ಅಷ್ಟೇ. ಆಮೇಲೆ ತಾನೇ ಹೇಳಿದ: ಕಟ್ಟಿಗೆ ಕಿತ್ತ ವಾರದಲ್ಲೇ ಕೊಂಡು ತುಂಡು ಮಾಡಿಸಿದ್ದು, ಹರವಿ ಬಿಸಿಲಿಗೆ ಹಾಕೋಣ ಎಂದರೆ ಜಾಗ ಇಲ್ಲ ಎಂದು ಸುಭಾಸ ಒಟ್ಟಿಸಿದ್ದು, ಮೇಲೆ ತಾಡಪತ್ರಿ ಬಿಗಿದದ್ದು. ಒಳಗಿನ ಬೆವರು ಒಳಗೇ ಉಳಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮುಸರತ್ ಭಟ್ಟಿಯ ಮನೆಯ ಹುಡುಗಿ, ಅವಳಿಗೆ ಒಣಬೇಸಾಯದ ಮಾತು ತಿಳಿಯದಿದ್ದರೆ ತಿಳಿಯಲಿಲ್ಲ. ನಾನು ಎಂಜಿನ್ನಿನ ಜೊತೆ ಬೆಳೆದವನು, ನನಗೂ ಹೊಳೆಯಲಿಲ್ಲ. ಪ್ರತಾಪ ಪೇಟೆಯವನು, ಅವನಿಗೆ ಏನೂ ತಿಳಿಯುವ ಅಗತ್ಯವೇ ಇಲ್ಲ. ಆದರೆ ಆ ಸಭೆಯಲ್ಲಿ ನಕ್ಕ ಏಳು ಮಂದಿ ಒಣಹೊಲದ ಜೋಳ ತಿಂದು ಬೆಳೆದವರು. ಅವರ ಅಪ್ಪಂದಿರು ದಿನಕ್ಕೆ ಹತ್ತು ಸಲ ಆ ಶಬ್ದ ಆಡಿದ್ದಾರೆ. ಇಸ್ತ್ರಿ ಅಂಗಿ ಹಾಕಿದ ಮೇಲೆ ಕಿವಿಯೂ ಇಸ್ತ್ರಿಯಾಯಿತೋ ಏನೋ. ಇಲ್ಲವೇ, ತಿಳಿದಿದ್ದೂ ಸಾಹೇಬನ ಎದುರು ಹಳ್ಳಿಯವರಂತೆ ಕಾಣಲು ನಾಚಿಕೊಂಡರು. ಎರಡರಲ್ಲಿ ಯಾವುದು ಹೆಚ್ಚು ಹೊಲಸು ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಸೋಮವಾರ ಕಂಪನಿಯಲ್ಲಿ ಮುಸರತ್ ತಾಡಪತ್ರಿ ಎತ್ತಿ, ಒಟ್ಟಲಿನೊಳಗೆ ತೋಳು ಮುಳುಗುವವರೆಗೆ ಕೈ ಹಾಕಿ, ನಡುವಿನ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು. ಅಪ್ಪನ ತಕ್ಕಡಿಯಲ್ಲಿ ಸರಿಯಾಗಿ ಒಂದು ಕಿಲೋ ತೂಗಿದಳು. ಟೋಸ್ಟು ತೆಗೆದ ಮೇಲೆ ಭಟ್ಟಿಯಲ್ಲಿ ಉಳಿಯುವ ಹದವಾದ ಬಿಸಿಯಲ್ಲಿ ತಟ್ಟೆಗೆ ಹರವಿ ಇಟ್ಟಳು. ಅವಳ ತಾಯಿ ಖಾದರಬಿ ಬಾಗಿಲಲ್ಲಿ ನಿಂತು ನನಗೆ ಕೇಳುವಂತೆ ಹೇಳಿದಳು:

"ಜಗತ್ತಿನ ಮಂದಿ ಕಟಗಿ ಹಚ್ಚಿ ಬ್ರೆಡ್ ಬೇಯಿಸ್ತಾರ. ನನ್ನ ಮಗಳು ಕಟಗೀನ ಬೇಯಿಸಾಕತ್ತಾಳ ನೋಡ್ರಿ!"

ಗಂಟೆಗೊಮ್ಮೆ ತೆಗೆದು ತೂಗಿದಳು. ಒಂಬೈನೂರಾಯಿತು, ಎಂಟುನೂರಾಯಿತು. ಮರುದಿನವೂ ಇಟ್ಟಳು. ಆರುನೂರ ತೊಂಬತ್ತಕ್ಕೆ ಮುಳ್ಳು ನಿಂತಿತು, ಮುಂದೆ ಇಳಿಯಲಿಲ್ಲ. ಒಂದು ಕಿಲೋ ಕಟ್ಟಿಗೆಯಲ್ಲಿ ಮುನ್ನೂರ ಹತ್ತು ಗ್ರಾಂ ನೀರು. ಸೊನ್ನೆ ತೆಗೆದು ನೂರಕ್ಕೆ ಮೂವತ್ತೊಂದು ಎಂದು ಹಾಕಿದಳು. ಈ ಸಲ ಉತ್ತರ: ಬಿಸಿ ಆರುನೂರ ಅರವತ್ತು, ಇಪ್ಪತ್ತಾರಿದ್ದ ಗ್ಯಾಸು ಹದಿಮೂರು. ಅರ್ಧಕ್ಕೆ ಅರ್ಧ. ಅದನ್ನು ಕುಡಿದು ಯಾವ ಎಂಜಿನ್ನೂ ಉಳಿಯುವುದಿಲ್ಲ. ಅದನ್ನು ಹೇಳಲು ನನಗೆ ಲೈಬ್ರರಿ ಬೇಕಾಗಿರಲಿಲ್ಲ, ಆದರೆ ಏಳು ಮಂದಿಗೆ ಬೇಕಾಗಿತ್ತು.

ಮೇ ತಿಂಗಳ ಮೊದಲ ಸೋಮವಾರದ ಸಭೆಗೆ ನಾನೂ ಹೋದೆ. ನನ್ನದೂ ಒಂದು ಶೇರು ಇದೆ, ಹೊರಗೆ ಹಾಕುವಂತಿಲ್ಲ. ಬಸಣ್ಣ ಬಾಗಿಲ ಬಳಿ ನಿಂತಿದ್ದ. ಮುಸರತ್ ಎದ್ದು ನಿಂತು, ಒಣಾ ಎಂದರೇನು, ಆರಿದ್ದು ಎಂದರೇನು, ತೂಕ ಎಷ್ಟು ಇಳಿಯಿತು, ಲೆಕ್ಕ ಏನು ಹೇಳಿತು ಎಂದು ಓದಿದಳು. ಏಳೂ ಮಂದಿ ಮೇಜಿನ ಮೇಲಿನ ಅವಲಕ್ಕಿ ಚೂಡಾದ ತಟ್ಟೆಯ ಕಡೆ ನೋಡುತ್ತಿದ್ದರು.

ಪ್ರತಾಪ ಕುರ್ಚಿಗೆ ಒರಗಿದ. "ನೋಡಿ ಅಧ್ಯಕ್ಷರೇ, ಇದು ಪುಕ್ಕಟೆ ಸಿಗೋ ಸಾಮಾನು. ಹದಿನಾಲ್ಕು ಸಾಲು. ನಮ್ಮದು ಲೈಸೆನ್ಸ್ ಇರೋ ಸಾಫ್ಟ್‌ವೇರ್. ಎರಡನ್ನೂ ಹೋಲಿಸೋದೇ ತಪ್ಪು."

"ಹೋಲಿಸಬ್ಯಾಡ್ರಿ ಸರ್" ಎಂದಳು ಮುಸರತ್. "ನಿಮ್ಮದರಾಗ ನೀರಿನ ಮನ್ಯಾಗ ಸೊನ್ನಿ ಐತ್ರಿ. ಅಲ್ಲೆ ಮೂವತ್ತೊಂದು ಹಾಕಿ ನೋಡ್ರಿ."

"ಅದಕ್ಕೆಲ್ಲ ಟೈಮ್ ಬೇಕಮ್ಮಾ."

"ಎರಡ ದಿನದಾಗ ನಲವತ್ತ ಪುಟಾ ಬರದೀರಿ ಸಾಹೇಬ್ರ" ಎಂದೆ ನಾನು. "ಒಂದ ಅಂಕಿ ಹಾಕಾಕ ಎಷ್ಟೊತ್ತು? ಹೆಂಗೂ ಮಷೀನ್ ಬಗಲಾಗ ಐತಿ."

ಬೇರೆ ದಾರಿ ಇರಲಿಲ್ಲ, ತೆರೆದ. ಅಂಕಿ ಹಾಕಿದ. ಪರದೆ ನೋಡಿದ. ಇನ್ನೊಮ್ಮೆ ಹಾಕಿದ. ಮೆಲ್ಲಗೆ ಮುಚ್ಚಿದ.

"ಎಷ್ಟು ಬಂತ್ರಿ?" ಎಂದು ಸುಭಾಸ ಕೇಳಿದ.

"ಹದಿಮೂರೂವರೆ" ಎಂದ ಸಾಹೇಬ, ನೆಲ ನೋಡುತ್ತ. ಆಮೇಲೆ ಕನ್ನಡಕ ಏರಿಸಿಕೊಂಡ. "ನಾನು ನನಗೆ ಕೊಟ್ಟ ಮಾಹಿತಿ ಮೇಲೆ ಬರೆದೆ. ಡ್ರೈ ಅಂತ ಕೊಟ್ಟವರು ಯಾರು ಕೇಳಿ."

"ನಾನರಿ" ಎಂದಳು ಮುಸರತ್.

ಸುಭಾಸನ ಮುಖದಲ್ಲಿ ಕಳೆ ಬಂತು. ಒಟ್ಟಿ ತಾಡಪತ್ರಿ ಬಿಗಿಸಿದ್ದು ತಾನು ಎಂಬ ಮಾತು ಬರುವ ಮೊದಲೇ ಸಭೆ ಮುಗಿಸುವ ಅವಸರ ಅವನಿಗೆ. "ಆತು ಬಿಡ್ರಿ. ಬಸಣ್ಣ ನಮ್ಮಾಂವ. ಏ ಬಾಯಿ, ಬರಕೋ: ಬಸಣ್ಣನ ನಿಷ್ಕಾಳಜಿಯನ್ನು ಸಭೆಯು ದೊಡ್ಡ ಮನಸ್ಸಿನಿಂದ ಮಾಫ ಮಾಡಿದೆ."

ಬಾಗಿಲ ಬಳಿಯಿಂದ ಬಸಣ್ಣ ಹೇಳಿದ: "ಮಾಫಿ ಬ್ಯಾಡ್ರಿ."

"ಮತ್ತೇನ ಬೇಕಪಾ? ಕೆಲಸಾ ಕೊಡಾಕತ್ತೀವಲ್ಲ."

"ಆ ಶಬ್ದಾ ತಗೀರಿ. ಶಬ್ದಾ ತಗೀಲಿಲ್ಲಂದ್ರ ನಾ ಎಂಜಿನ್ ಮುಟ್ಟಂಗಿಲ್ರಿ."

"ಅದೆಂಗ ತಗಿಯೂದಲೇ? ಎಂಜಿನ್ ಕೆಟ್ಟೈತಿ. ಫೈಲ್‌ನ್ಯಾಗ ಯಾರದರ ನಿಷ್ಕಾಳಜಿ ಇರಾಕ ಬೇಕಲ್ಲ. ಆಡಿಟ್‌ನಾವ್ರು ಕೇಳತಾರ."

ಆ ಶಬ್ದ ಮೇಜಿನ ಮೇಲೆ ಬಿದ್ದಿತ್ತು. ಎತ್ತಿಕೊಳ್ಳಬೇಕಾದವರು ಇಬ್ಬರಿದ್ದರು: ಹಸಿ ಕಟ್ಟಿಗೆ ಒಟ್ಟಿಸಿದವನೊಬ್ಬ, ಮುಟ್ಟಿ ನೋಡದೆ ವರದಿ ಬರೆದವನೊಬ್ಬ. ಒಬ್ಬ ಮೊಬೈಲು ನೋಡಿದ, ಇನ್ನೊಬ್ಬ ಚೂಡಾದೊಳಗಿನ ಶೇಂಗಾ ಆರಿಸಿದ.

"ನನ್ನ ಹೆಸರ ಹಾಕ್ರಿ" ಎಂದಳು ಮುಸರತ್. "ಡ್ರೈ ಅಂತ ಬರದಾಕಿ ನಾನು. ಅದು ಖರೆ ಐತಿ."

ಬೇಡ ಎಂದು ಒಬ್ಬನೂ ಅನ್ನಲಿಲ್ಲ. "ಶಾಣೇ ಹುಡುಗಿ" ಎಂದ ಸುಭಾಸ, ಮೊದಲ ಸಲ ಬಾಯಿ ಎನ್ನದೆ. ನನ್ನ ಬಾಯಿ ತಡೆಯಲಿಲ್ಲ. "ಒಟ್ಟಲಿ ಮ್ಯಾಲೆ ತಾಡಪತ್ರಿ ಬಿಗಿಸಿದಾವ್ರ ಹೆಸರೂ ಬರಕೋಬೇ" ಎಂದೆ. ವಿಷಯಪಟ್ಟಿಯಲ್ಲಿ ಇಲ್ಲದ ಮಾತು ಆಡಬಾರದು ಎಂದರು. ಅವರ ವಿಷಯಪಟ್ಟಿಯಲ್ಲಿ ಸತ್ಯಕ್ಕೆ ಯಾವತ್ತೂ ನಂಬರು ಬಿದ್ದಿಲ್ಲ.

ಅವಳು ಅಲ್ಲೇ ಕೂತು ಟೈಪು ಮಾಡಿದಳು. ಬಸಣ್ಣನ ಮೇಲಿನ ನೋಟೀಸು ರದ್ದು. ಅವನ ಕೆಲಸದಲ್ಲಿ ಯಾವ ಲೋಪವೂ ಇಲ್ಲ. ಭಾಷಾಂತರದಲ್ಲಿ ನಿಷ್ಕಾಳಜಿ: ಮುಸರತ್, ಕಂಪ್ಯೂಟರ್ ಆಪರೇಟರ್. ಗಟ್ಟಿಯಾಗಿ ಓದಿದಳು. ಪ್ರತಾಪನ ನಲವತ್ತು ಪುಟ ಒಂದು ಕಲೆಯಿಲ್ಲದೆ ಕಪಾಟು ಸೇರಿತು. ಬಸಣ್ಣ ತನ್ನ ಪ್ರತಿಯನ್ನು ಎರಡು ಸಲ ಓದಿ, ಮಡಚಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡ. ಚಹಾ ಕುಡಿ ಎಂದರು, ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಬಂದವನೇ ತಾಡಪತ್ರಿ ಬಿಚ್ಚಿ ಎಸೆದು, ಇಬ್ಬರು ಆಳುಗಳನ್ನು ಹಚ್ಚಿ ಒಟ್ಟಲನ್ನೆಲ್ಲ ಅಂಗಳಕ್ಕೆ ಹರವಿದ. ಸುಭಾಸನ ಕಾರು ನಿಲ್ಲುವ ಜಾಗವೂ ಉಳಿಯಲಿಲ್ಲ. ಹತ್ತು ಗಂಟೆಗೆ ಅಧ್ಯಕ್ಷರು ಬಂದು ಕಾರಿನಿಂದ ಇಳಿಯಲಾಗದೆ ಕೂಗಿದರು.

"ಏನ ಹಚ್ಚಿಯೋ ಇದು? ಎಂಜಿನ್ ಚಾಲೂ ಮಾಡಂದ್ರ!"

"ಎಂಟ ದಿನಾ ಆಗಂಗಿಲ್ರಿ."

"ಎಂಟ ದಿನಾ? ಕಡ್ಲಿ ತಂದ ಮಂದಿಗಿ ಏನ ಹೇಳ್ಲಿ ನಾ?"

"ಅದು ನಿಮ್ಮ ಕೆಲಸಾರಿ. ಆರೂದು ಬಿಸಲಿಂದು. ಎಂಜಿನ್ ನಂದು" ಎಂದು ಬಸಣ್ಣ ತುಂಡುಗಳನ್ನು ಕಾಲಿನಿಂದ ತಿರುವಿ ಹಾಕಿದ. "ಅವಸರ ಇದ್ರ ಇನ್ನೊಂದ ನೋಟೀಸ್ ಕೊಡ್ರಿ."

ಸುಭಾಸ ಕಾರು ಹಿಂದಕ್ಕೆ ತೆಗೆದ. ಮುಸರತ್ ದಿನದ ಚೋಪಡಿ ಹಿಡಿದು ಬಿಸಿಲಿಗೆ ಬಂದು ನಿಂತಿದ್ದಳು.

"ಕಾಕಾ, ಇವತ್ತಿಂದು ಏನಂತ ಬರೀಲ್ರಿ?"

"ಎಂಜಿನ್ ಬಂದ್, ಕಟಗಿ ಆರಾಕ ಹಾಕೇವಿ ಅಂತ ಬರಿ" ಎಂದ ಬಸಣ್ಣ, ತಲೆ ಎತ್ತದೆ. "ಕನ್ನಡದಾಗ ಬರಿ."